ಹಿಂದಕ್ಕೆ ವಾಲಿದ ಕೂವೆಕಂಬ

ನಾನು ಹುಟ್ಟಿ ಬೆಳೆದದ್ದು ದಾವಣಗೆರೆಯಲ್ಲಿ. ಸಮುದ್ರವನ್ನು ಕಂಡದ್ದು ಮದುವೆಯಾದ ಮೇಲೆ, ಅದೂ ಗೋಕರ್ಣದಲ್ಲಿ ಎರಡೇ ದಿನ. ಹಾಯಿಹಡಗುಗಳ ಹುಚ್ಚು ಹಿಡಿದದ್ದು ಮಾತ್ರ ಸಮುದ್ರದ ಸುಳಿವೇ ಇಲ್ಲದ ದೆಹಲಿಯಲ್ಲಿ. ದರಿಯಾಗಂಜ್‌ನ ಫುಟ್‌ಪಾತಿನಲ್ಲಿ ಒಂದು ಭಾನುವಾರ ಮಗಳ ಶಾಲೆಯ ಪುಸ್ತಕ ಹುಡುಕುತ್ತಿದ್ದಾಗ, ರಟ್ಟು ಕಿತ್ತುಹೋದ ದಪ್ಪ ಪುಸ್ತಕವೊಂದು ಕೈಗೆ ಸಿಕ್ಕಿತು. ಜಗತ್ತಿನ ಹಳೆಯ ಹಡಗುಗಳ ಚಿತ್ರಗಳು, ಅಳತೆಯ ನಕ್ಷೆಗಳು. ಅಲ್ಲೇ ನಿಂತು ಓದತೊಡಗಿದವಳನ್ನು ನೋಡಿ ನನ್ನ ಗಂಡ, "ಮನೆಗೇ ತಗೊಂಡು ಹೋಗೋಣ ಬಾರೇ, ಭಯ್ಯಾ ಅಂಗಡಿ ಮುಚ್ಚೋ ಹೊತ್ತಾಯ್ತು" ಎಂದರು.

ಅಂದಿನಿಂದ ಆರ್.ಕೆ.ಪುರಂನ ನಮ್ಮ ಸರ್ಕಾರಿ ಕ್ವಾರ್ಟರ್ಸಿನ ಬಾಲ್ಕನಿ ನನ್ನ ಹಡಗುಕಟ್ಟೆಯಾಯಿತು. ಕೀರ್ತಿನಗರದ ಮರದಂಗಡಿಗಳಿಂದ ತೇಗದ ಚೂರುಗಳನ್ನು ತರುತ್ತಿದ್ದೆ. ಸಂಜೆ ಆಫೀಸಿನಿಂದ ಬಂದು ಕುಕ್ಕರ್ ಇಟ್ಟು, ಅದು ಕೂಗುವವರೆಗೆ ಮರಳುಕಾಗದದಲ್ಲಿ ಮರ ತಿಕ್ಕುತ್ತಿದ್ದೆ. "ಅಮ್ಮಾ, ಫಿರ್ ಸೇ ಜಹಾಜ್? ನನ್ನ ಪ್ರಾಜೆಕ್ಟ್ ಯಾರು ಮಾಡ್ತಾರೆ?" ಎಂದು ಮಗಳು ಗೊಣಗುತ್ತಿದ್ದಳು. ಸಚಿವಾಲಯದಲ್ಲಿ ನಾನು ಸೆಕ್ಷನ್ ಆಫೀಸರ್. ಅಲ್ಲಿ ಬೆನ್ನ ಹಿಂದೆ ನನ್ನನ್ನು 'ಜಹಾಜ್ ಮೇಡಂ', ಹಡಗಿನ ಮೇಡಂ, ಎನ್ನುತ್ತಿದ್ದರು. ಹೆಂಗಸಿಗೆ ಇದೆಂಥ ಹುಚ್ಚು ಎಂದು ನಕ್ಕವರೂ ಇದ್ದರು. ಹಾಗೆ ನಕ್ಕವರಿಗೆಲ್ಲ ಒಂದಲ್ಲ ಒಂದು ದಿನ ತೋರಿಸಬೇಕೆಂಬ ಹಟ ನನ್ನೊಳಗೆ ಇತ್ತು. ಮುಂದೆ ನಡೆದದ್ದಕ್ಕೆ ಇದು ಸಮರ್ಥನೆಯಲ್ಲ. ಆದರೆ ಅದು ಇದ್ದದ್ದು ನಿಜ.

ಒಂದು ಚಳಿಗಾಲದಲ್ಲಿ ನಮ್ಮ ಕನ್ನಡ ಸಂಘದವರು ಕರಾವಳಿಯ ಹಾಯಿಹಡಗುಗಳ ಬಗ್ಗೆ ಮಾತಾಡಲು ಕರೆದರು. ನನ್ನ ಪತ್ತೇಮಾರಿ ಆಗಷ್ಟೇ ಮುಗಿದಿತ್ತು. ಮೋಟಾರು ಬರುವ ಮೊದಲು ನಮ್ಮ ಪಶ್ಚಿಮ ಕರಾವಳಿಯಲ್ಲಿ ಸರಕು ಸಾಗಿಸುತ್ತಿದ್ದ ದೊಡ್ಡ ಹಾಯಿಹಡಗಿಗೆ ಪತ್ತೇಮಾರಿ ಎನ್ನುತ್ತಾರೆ. ನನ್ನದು ಎರಡು ಅಡಿ ಉದ್ದದ ಪ್ರತಿರೂಪ, ಎಂಟು ತಿಂಗಳ ಕೆಲಸ. ಗಂಡನ ಹಳೆಯ ಪಂಚೆಯಿಂದ ಹಾಯಿ ಹೊಲಿದಿದ್ದೆ. ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು ಆಟೋದಲ್ಲಿ ಲೋಧಿ ಕಾಲೋನಿಯ ಸಭಾಂಗಣಕ್ಕೆ ಹೋದೆ.

ನಲವತ್ತು ಜನ ಬಂದಿದ್ದರು. ಭಾಷಣ ಚೆನ್ನಾಗಿಯೇ ಆಯಿತು. ಕೊನೆಯಲ್ಲಿ, ಪ್ರಶ್ನೆಗಳಿದ್ದರೆ ಕೇಳಬಹುದು ಎಂದಾಗ, ಹಿಂದಿನ ಸಾಲಿನಲ್ಲಿ ಮಂಕಿ ಕ್ಯಾಪು ಹಾಕಿಕೊಂಡು ಕೂತಿದ್ದ ಮುದುಕರೊಬ್ಬರು ಎದ್ದು ನಿಂತರು. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ತಂಗೀ, ಹಡಗು ಬಾಳ ಚಂದ ಮಾಡೀರಿ. ಒಂದೇ ಒಂದು ಮಾತು. ಕೂವೆಕಂಬ ಹಿಂದಕ್ಕೆ ವಾಲಿದೆಯಲ್ಲ, ಅದು ಮುಂದಕ್ಕೆ ವಾಲಬೇಕು, ಅಲ್ದಾ?"

ಹಾಯಿ ಕಟ್ಟುವ ಕಂಬ ಅದು. ಹಡಗು ಮಾಡುವವರಿಗೆ ಅದು ತಪ್ಪಿದೆ ಎನ್ನುವುದೂ ಮನೆ ಕಟ್ಟಿದವರಿಗೆ ಬಾಗಿಲು ತಪ್ಪಿದೆ ಎನ್ನುವುದೂ ಒಂದೇ. ನನ್ನ ಮುಖ ಬಿಸಿಯಾಯಿತು. "ಯಾವ ಪುಸ್ತಕದಲ್ಲಿ ಓದಿದಿರಿ?" ಎಂದು ಕೇಳಿದೆ.

"ಓದಿದ್ದಲ್ಲ. ನನಗೆ ಅಷ್ಟೆಲ್ಲ ಓದೂಕೆ ಬರೂದಿಲ್ಲ. ಹಡಗಲ್ಲಿ ಇದ್ದೆ, ಅದಕ್ಕೆ..."

ಯಾರೋ ಮುಂದಿನ ಸಾಲಿನಲ್ಲಿ ಕಿಸಕ್ಕನೆ ನಕ್ಕರು. ಅವರು ನಕ್ಕದ್ದು ಮುದುಕರನ್ನು ನೋಡಿಯೋ ನನ್ನನ್ನು ನೋಡಿಯೋ ತಿಳಿಯಲಿಲ್ಲ. ನಾನು ಮೈಕನ್ನು ಹತ್ತಿರ ಎಳೆದುಕೊಂಡು ಹೇಳಿದೆ: "ಅಜ್ಜಾ, ಬಸ್ಸಿನಲ್ಲಿ ಕೂತವರೆಲ್ಲ ಡ್ರೈವರ್ ಆಗೋದಿಲ್ಲ."

ಸಭೆಗೆ ಸಭೆಯೇ ನಕ್ಕಿತು. ಕೆಲವರು ಚಪ್ಪಾಳೆ ತಟ್ಟಿದರು. ಮುದುಕರೂ ಎಲ್ಲರ ಜೊತೆ ನಕ್ಕು, "ಹೌದು ಹೌದು" ಎಂದು ಕೂತರು. ಟೋಪಿಯನ್ನು ಮತ್ತೆ ಹಾಕಿಕೊಳ್ಳಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು. ನಾನು ವೇದಿಕೆಯಿಂದ ಅದನ್ನು ನೋಡಿದೆ.

ಚಹಾದ ಹೊತ್ತಿಗೆ ಮೂವತ್ತೈದರ ಒಬ್ಬ ಹೆಣ್ಣುಮಗಳು ನನ್ನ ಬಳಿ ಬಂದಳು. ಮುದುಕರ ಮಗಳು. ಸಿಟ್ಟೇನೂ ತೋರಿಸಲಿಲ್ಲ.

"ಮೇಡಂ, ಅಪ್ಪ ಹದಿನೆಂಟು ವರ್ಷ ಪತ್ತೇಮಾರಿಯಲ್ಲಿ ಇದ್ದರು. ಖಲಾಸಿಯಾಗಿ ಸೇರಿ ಕಡೆಗೆ ತಾಂಡೇಲ ಆದರು, ಅಂದ್ರೆ ಹಡಗು ನಡೆಸೋರು. ಇಲ್ಲಿಗೆ ಕರ್ಕೊಂಡು ಬಂದು ಒಂದು ವರ್ಷ ಆಯ್ತು. ನಿಮ್ಮ ಭಾಷಣ ಇದೆ ಅಂತ ತಿಳಿದಾಗಿಂದ ದಿನಾ ಕೇಳ್ತಾ ಇದ್ರು, ಭಾನುವಾರ ಇವತ್ತಾ, ನಾಳೆಯಾ ಅಂತ."

"ಅಚ್ಛಾ, ಸಂತೋಷ" ಎಂದೆ. ಆ ಮಾತು ನನ್ನ ಬಾಯಿಂದಲೇ ಬಂದದ್ದು. ಮುದುಕರು ಹೊರಗೆ ಮೆಟ್ಟಿಲ ಮೇಲೆ, ಬಿಸಿಲಿರುವ ಕಡೆ ಕೂತು ಚಹಾ ಕುಡಿಯುತ್ತಿದ್ದರು. ನಾನು ಇನ್ನೊಂದು ಬಾಗಿಲಿನಿಂದ ಹಡಗು ಎತ್ತಿಕೊಂಡು ಹೊರಟೆ.

ಮನೆಗೆ ಬಂದು ಪುಸ್ತಕ ತೆರೆದೆ. ಕಂಬದ ಓರೆಯನ್ನು ನಾನು ನಕಲು ಮಾಡಿದ್ದ ಚಿತ್ರ ಬೇರೆ ಯಾವುದೋ ದೇಶದ ಹಡಗಿನದು. ಹತ್ತು ಪುಟ ಆಚೆಗೆ ನಮ್ಮ ಪತ್ತೇಮಾರಿಯ ಸಣ್ಣ ರೇಖಾಚಿತ್ರವೊಂದಿತ್ತು. ಅದರಲ್ಲಿ ಕಂಬ ಮುಂದಕ್ಕೇ ವಾಲಿತ್ತು. ಆ ಚಿತ್ರವನ್ನು ಮೊದಲೇ ನೋಡಿದ್ದೆ. ಬರೆದವನ ಕೈತಪ್ಪು ಎಂದುಕೊಂಡು ಪುಟ ತಿರುವಿದ್ದೆ.

ಗಂಡನಿಗೆ ಹೇಳಿದೆ. "ಫೋನ್ ಮಾಡಬೇಡ, ಹೋಗಿ ಹೇಳು" ಎಂದರು.

ಹೋಗುತ್ತೇನೆ ಎಂದೆ. ಆ ವಾರ ಮಂಜು ದಟ್ಟವಾಗಿತ್ತು. ಆಮೇಲೆ ಆಫೀಸಿನಲ್ಲಿ ಬಜೆಟ್ಟಿನ ಕೆಲಸ. ಆಮೇಲೆ ಮಗಳ ಪರೀಕ್ಷೆ. ಹೀಗೆ ಮೂರು ತಿಂಗಳು ಕಳೆದವು. ಬಾಲ್ಕನಿಯಲ್ಲಿದ್ದ ಪತ್ತೇಮಾರಿಯ ಮೇಲೆ ಒಂದು ಹಳೆಯ ಬೆಡ್‌ಶೀಟ್ ಹೊದಿಸಿದ್ದೆ.

ಮಾರ್ಚಿನ ಒಂದು ಶನಿವಾರ, ಸಂಘದವರಿಂದ ವಿಳಾಸ ಪಡೆದು, ಕೊನೆಗೂ ಹೊರಟೆ. ಅವರ ಮನೆ ಇಂದಿರಾಪುರಂನಲ್ಲಿ. ಆಗಿನ್ನೂ ಮೆಟ್ರೊ ಆ ಕಡೆಗೆ ಬಂದಿರಲಿಲ್ಲ. ಎರಡು ಬಸ್ಸು, ಒಂದು ಶೇರ್ ಆಟೋ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಕಟ್ಟುತ್ತಿದ್ದೆ. 'ನೀವು ಹೇಳಿದ್ದೇ ಸರಿ. ನಾನು ತಪ್ಪು ಮಾಡಿದೆ. ನಿಮ್ಮನ್ನು ಅವಮಾನಿಸಿದೆ.' ಮೂರೇ ವಾಕ್ಯ.

ಒಂಬತ್ತನೇ ಮಹಡಿಯ ಬಾಲ್ಕನಿಯಲ್ಲಿ ಮುದುಕರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ನನ್ನನ್ನು ಕಂಡು ಎದ್ದೇಬಿಟ್ಟರು. ನಾನು ಬಾಯಿ ತೆರೆಯುವ ಮೊದಲೇ ಅವರು ಎರಡೂ ಕೈ ಜೋಡಿಸಿದರು.

"ಅವತ್ತು ಸಭೆ ನಡುವೆ ಬಾಯಿ ಹಾಕಿದ್ದು ನನ್ನದೇ ತಪ್ಪು ತಂಗೀ. ಕಲಿತವರು ಮಾತಾಡೂವಾಗ ಸುಮ್ಮನಿರಬೇಕಿತ್ತು. ಮಗಳಿಗೂ ನಾಚಿಕೆ ಆಗುವ ಹಾಗೆ ಮಾಡ್ದೆ. ಆಮೇಲೆ ನಾ ಸಂಘದ ಕಡೆ ಹೋಗಲೇ ಇಲ್ಲ. ನೀವು ಬೇಜಾರು ಮಾಡ್ಕಂಬೇಡಿ."

ದಾರಿಯಲ್ಲಿ ಕಟ್ಟಿಕೊಂಡು ಬಂದ ಮೂರು ವಾಕ್ಯಗಳೂ ನಾಲಿಗೆಯ ಮೇಲೇ ಇದ್ದವು. ನಾನು ಹೇಳಿದ್ದು ಇಷ್ಟು: "ಪರವಾಗಿಲ್ಲ ಅಜ್ಜಾ, ಬಿಡಿ."

ಕ್ಷಮೆ ಕೇಳಲು ಹೋದವಳು ಕ್ಷಮಿಸಿಬಿಟ್ಟಿದ್ದೆ. ಅಡುಗೆಮನೆಯ ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದ ಅವರ ಮಗಳು ನನ್ನನ್ನೊಮ್ಮೆ ನೋಡಿದಳು.

ಆಮೇಲೆ ಎರಡು ಗಂಟೆ ಅವರು ಮಾತಾಡಿದರು. ಮಂಗಳೂರಿನ ಹೆಂಚು ಹೇರಿಕೊಂಡು ಮುಂಬಯಿಗೆ, ಅಲ್ಲಿಂದಾಚೆ ಕಚ್ಛಕ್ಕೆ ಹೋಗುತ್ತಿದ್ದುದು, ಬರುವಾಗ ಉಪ್ಪು. ಒಮ್ಮೆ ರತ್ನಾಗಿರಿಯ ಹತ್ತಿರ ಬಿರುಗಾಳಿಗೆ ಸಿಕ್ಕಿ, ಹಡಗು ಹಗುರವಾಗಲೆಂದು ಹೆಂಚುಗಳನ್ನು ಒಂದೊಂದಾಗಿ ಕೈಯಿಂದ ಕೈಗೆ ದಾಟಿಸಿ ಸಮುದ್ರಕ್ಕೆ ಎಸೆದದ್ದು. "ಅಂಗೈ ಚರ್ಮ ಎಲ್ಲ ಹೋಗಿತ್ತು ತಂಗೀ. ಆದ್ರೂ ಹನ್ನೊಂದು ಜನ ಹೋದೋರು ಹನ್ನೊಂದು ಜನವೂ ಬಂದ್ವಿ." ಆಗ ಹಡಗು ನಡೆಸುತ್ತಿದ್ದವರು ಅವರೇ.

ಹಾಯಿಯನ್ನು ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ತಿರುಗಿಸುವುದು ಹೇಗೆಂದು ನೆಲ ಒರೆಸುವ ಕೋಲು, ಟವೆಲ್ಲು ಹಿಡಿದು ತೋರಿಸಿದರು. ಹಾಯಿ ಕಟ್ಟಿದ ಉದ್ದನೆಯ ಅಡ್ಡಮರವನ್ನು ನೆಟ್ಟಗೆ ಎತ್ತಿ ಕಂಬದ ಮುಂದಿನಿಂದ ಆಚೆಗೆ ದಾಟಿಸಬೇಕು. ಕಂಬ ಮುಂದಕ್ಕೆ ವಾಲಿದ್ದರೆ ಮರ ಕಂಬಕ್ಕೆ ಬಡಿಯದೆ ಜೋತು ನಿಲ್ಲುತ್ತದೆ. ಅದನ್ನು ಹೇಳುವಾಗ ಅವರು ಸಂಕೋಚದಿಂದ ನನ್ನ ಮುಖ ನೋಡಿದರು. "ನಮ್ಮ ಕಡೆ ಹಾಗೆ ಇತ್ತು ಅಷ್ಟೇ. ಪುಸ್ತಕದಲ್ಲಿ ಬೇರೆ ಇದ್ದರೂ ಇರಬಹುದು" ಎಂದರು.

ಆಗಲೂ ನಾನು ಹೇಳಲಿಲ್ಲ.

ಲಿಫ್ಟಿನವರೆಗೆ ಮಗಳು ಬಂದಳು. ಗುಂಡಿ ಒತ್ತಿ, ನನ್ನ ಕಡೆ ನೋಡದೆ ಕೇಳಿದಳು: "ಮೇಡಂ, ಆ ಕಂಬದ ವಿಷಯ. ಅಪ್ಪ ಹೇಳಿದ್ದು ಸರಿಯಾ?"

"ಸರಿ."

"ಅದನ್ನ ಹೇಳೋಕೆ ಬಂದಿದ್ರಾ?"

"ಹೌದು."

ಲಿಫ್ಟು ಬಂದು ಬಾಗಿಲು ತೆರೆಯಿತು. ನಾನು ಹತ್ತಲಿಲ್ಲ. ತಿರುಗಿ ಒಳಗೆ ಹೋಗಿ, ಚಪ್ಪಲಿಯನ್ನೂ ಬಿಡದೆ, ಮೂರು ವಾಕ್ಯಗಳನ್ನೂ ಒಂದೇ ಉಸಿರಿಗೆ ಹೇಳಿದೆ.

ಮುದುಕರು ಕೋಲಿಗೆ ಸುತ್ತಿದ್ದ ಟವೆಲ್ಲನ್ನು ಬಿಚ್ಚುತ್ತಾ ಕೇಳಿಸಿಕೊಂಡರು. "ಕಂಬ ಮುಂದಕ್ಕೇ ಅಂತ ನನಗೆ ಗೊತ್ತಿತ್ತಲ್ಲ ತಂಗೀ. ನನಗೆ ಹೇಳೂದು ಎಂತಕ್ಕೆ?" ಎಂದರು. ಟವೆಲ್ಲನ್ನು ಮಡಿಚಿಟ್ಟು, "ಅವತ್ತು ನಕ್ಕವರಿಗೆ ಹೇಳಿ" ಎಂದರು.

ಹೇಳುತ್ತೇನೆಂದು ಮಾತು ಕೊಟ್ಟೆ. ಸಂಘದ ಯುಗಾದಿಯ ಕೂಟದಲ್ಲಿ ಕಾರ್ಯದರ್ಶಿಗಳಿಂದ ಐದು ನಿಮಿಷ ಕೇಳಿ ಪಡೆದೆ. ಕೂವೆಕಂಬ ತಪ್ಪಾಗಿತ್ತು, ಅಂದು ಎದ್ದು ನಿಂತು ಹೇಳಿದ ಹಿರಿಯರೇ ಸರಿ, ಅವರು ಪತ್ತೇಮಾರಿಯ ತಾಂಡೇಲರು ಎಂದೆ. ನಾನಾಡಿದ ಮಾತಿಗೆ ನಾಚಿಕೆಯಾಗಿದೆ ಎಂಬ ಸಾಲನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ಆ ಸಾಲಿಗೆ ಬಂದಾಗ ಕಣ್ಣು ಚೀಟಿಯ ಮುಂದಿನ ಸಾಲಿಗೆ ಹಾರಿತು. ನಾನೇ ಹಾರಿಸಿದೆ. ಜನ ಹೋಳಿಗೆಯ ಕಡೆ ನೋಡುತ್ತಿದ್ದರು. ಒಂದೆರಡು ಚಪ್ಪಾಳೆ ಬಿದ್ದವು. ಕೆಳಗಿಳಿದಾಗ ಒಬ್ಬರು ಹತ್ತಿರ ಬಂದು, "ಮೇಡಂ, ಅವತ್ತಿನ ಆ ಬಸ್ಸು-ಡ್ರೈವರ್ ಜೋಕು ಸಖತ್ತಾಗಿತ್ತು. ಆಫೀಸಿನಲ್ಲೂ ಹೇಳಿದೆ, ಎಲ್ಲ ನಕ್ಕರು" ಎಂದರು.

"ಅದು ಜೋಕಲ್ಲ ಸರ್. ನಾನು ಹಾಗೆ ಹೇಳಬಾರದಿತ್ತು" ಎಂದೆ. ಅವರು ಅರ್ಥವಾಗದೆ ನಕ್ಕು ಎಲೆಯ ಮುಂದೆ ಕೂತರು. ಇಡೀ ಸಭೆಗೆ ಹೇಳಬೇಕಾದದ್ದನ್ನು ಅವರೊಬ್ಬರಿಗೆ ಹೇಳಿದ್ದೆ.

ಮುದುಕರು ಆ ದಿನ ಬಂದಿರಲಿಲ್ಲ. ಹೇಗಾಯಿತೆಂದು ಅವರ ಮಗಳು ಫೋನಿನಲ್ಲಿ ಕೇಳಿದಾಗ "ಹೇಳಿದೆ" ಎಂದೆ. ಅದು ಪೂರ್ತಿ ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲವೆಂದು ಅವಳಿಗೆ ತಿಳಿಯಿತೋ ಏನೋ, "ಸರಿ ಮೇಡಂ, ಅಪ್ಪನಿಗೆ ಹೇಳ್ತೀನಿ" ಎಂದು ಫೋನಿಟ್ಟಳು. ಮುಂದಿನ ವರ್ಷ ಮುದುಕರ ಅಳಿಯನಿಗೆ ಪುಣೆಗೆ ವರ್ಗವಾಗಿ ಅವರೆಲ್ಲ ಹೊರಟುಹೋದರು. ಅಷ್ಟರೊಳಗೆ ನಾನು ಇನ್ನೂ ಮೂರು ಸಲ ಇಂದಿರಾಪುರಂಗೆ ಹೋಗಿದ್ದೆ. ಪ್ರತಿ ಸಲವೂ ಅವರು ಹೊಸದೊಂದು ಕಲಿಸಿದರು. ಹಗ್ಗದ ಗಂಟು, ಗಾಳಿಯ ಹೆಸರು, ನೀರಿನ ಬಣ್ಣದಿಂದ ಆಳ ತಿಳಿಯುವುದು. ಯುಗಾದಿಯ ದಿನ ನಾನು ಏನೇನು ಹೇಳಿದೆ ಎಂದು ಅವರು ಒಮ್ಮೆಯೂ ಕೇಳಲಿಲ್ಲ. ಕೇಳಿಬಿಟ್ಟರೆ ಎಂಬ ಭಯದಲ್ಲೇ ನಾನು ಪ್ರತಿ ಸಲ ಬೇಗನೆ ಎದ್ದು ಬರುತ್ತಿದ್ದೆ.