ಎರಡನೆಯ ಕಿಟಕಿ

ಕಂಪ್ಯೂಟರ್ ಮೇಷ್ಟ್ರು ಇಪ್ಪತ್ತು ವರ್ಷದಿಂದ ಮಕ್ಕಳ ಕೈಲಿ ಪ್ರೋಗ್ರಾಂ ಬರೆಸಿ ಪರದೆಯ ಮೇಲೆ ಒಂದೇ ಮನೆ ಕಟ್ಟಿಸುತ್ತಿದ್ದಾರೆ: ಓರೆಗೆರೆಗಳ ಚಾವಣಿ, ನೇರಗೆರೆಗಳ ಗೋಡೆ, ನಕ್ಷತ್ರ ಚಿಹ್ನೆಯ ಒಂದು ಕಿಟಕಿ. ಪ್ರಪಂಚ ಎಲ್ಲಿಗೋ ಹೋಯಿತು. ಮೇಷ್ಟ್ರು ಇನ್ನೂ ಪಾಯದಲ್ಲೇ ಇದ್ದಾರೆ. ಗೋಡೆಯ ಸಾಲನ್ನು ಹತ್ತು ಸಲ ಟೈಪ್ ಮಾಡಿದವರಿಗೆ, "ಒಂದ್ಸಲ ಹೇಳಿ ಹತ್ತು ಸಲ ಮಾಡ್ಸೋಕೇ ಅಲ್ವೇನ್ರೋ ಲೂಪ್ ಇರೋದು?" ಎಂದು ಹತ್ತು ಸಲ ಹೇಳುತ್ತಾರೆ. ಯಾರಾದರೂ ಸಾಲಿನ ಮೊದಲು ಬಿಡಬೇಕಾದ ಖಾಲಿ ಜಾಗ ಎಣಿಸಲು ಮರೆತು ಚಾವಣಿ ಎಡಕ್ಕೆ ಜಾರಿತೋ, "ಈ ಮನೇಲಿ ನೀನು ಮಲಗ್ತೀಯೇನಮ್ಮಾ?" ಎಂದು ಕೆಂಡಾಮಂಡಲವಾಗುತ್ತಾರೆ. ಮೊನ್ನೆ ಸಂಜೆ, ಕಿಟಕಿಯೇ ಇಲ್ಲದ ತಮ್ಮ ಬಾಡಿಗೆ ಕೋಣೆಯಲ್ಲಿ, ಗೋಡೆಗೆ ಅಂಟಿಸಿದ್ದ ಆ ಮನೆಯ ಪ್ರಿಂಟಿಗೆ ಹೆಂಡತಿ ಪೆನ್ಸಿಲಿನಿಂದ ಇನ್ನೊಂದು ಕಿಟಕಿ ಬರೆದಿದ್ದಳು. "ಅಡುಗೆ ಹೊಗೆ ಹೋಗ್ಬೇಕಲ್ರೀ" ಎಂದಳು. ಮರುದಿನ ಮೇಷ್ಟ್ರು ಬೋರ್ಡಿನ ಮೇಲೆ ಎರಡು ಕಿಟಕಿ ಬರೆದರು; ಇಪ್ಪತ್ತು ವರ್ಷದಲ್ಲಿ ಪಾಠ ಬದಲಾದದ್ದು ಅದೊಂದೇ ಸಲ.