ಮಡಿ ಕುಟ್ಟಾಣಿ

ಹೋದ ವಾರ ಸಹಕಾರನಗರದ ನಮ್ಮ ಮನೆಯಲ್ಲಿ ಕರಿಬೇವು ಒಣಗಿಸಲು ಒವನ್ ಹಚ್ಚಿದ್ದೆ. ಘಮವೆಲ್ಲ ಹೋಗಿ, ಕೊನೆಗೆ ಬಿಸಿಗೆ ಒಣಗಿದ ಬರೀ ಎಲೆಯ ವಾಸನೆ ಉಳಿಯಿತು. ಪ್ರಯೋಗಾಲಯದ ವಾಸನೆ ಅದು. ಅಲ್ಲಿ ನಾವೆಲ್ಲ ಅಕ್ಕ ಎನ್ನುತ್ತಿದ್ದ ಹೆಂಗಸು ನೆನಪಾದರು...

ಯಲಹಂಕದ ಕಡೆ ಕೃಷಿ ಸಂಶೋಧನಾ ಕೇಂದ್ರವೊಂದರಲ್ಲಿ ನಾನು ಪಿಎಚ್‌ಡಿ ಮಾಡುತ್ತಿದ್ದಾಗ ಅಕ್ಕ ಅಲ್ಲಿ ಎಲೆ, ಮಣ್ಣು ಪುಡಿ ಮಾಡುವ ಕೆಲಸಕ್ಕಿದ್ದರು. ತಣಿಸಂದ್ರದಿಂದ ಬರುತ್ತಿದ್ದರು. ನನ್ನದು ರಾಗಿ. ಗೊಬ್ಬರದಲ್ಲಿ ತುಸು ತೂಕ ಹೆಚ್ಚಿರುವ ಸಾರಜನಕ ಬೆರೆಸಿ ಹಾಕಿ, ಅದರಲ್ಲಿ ಎಷ್ಟು ಎಲೆಗೆ ಏರಿತು, ಎಷ್ಟು ಮಣ್ಣಲ್ಲೇ ಉಳಿಯಿತು ಎಂದು ನೋಡುವುದು. ಸ್ಥಿರ ಐಸೊಟೋಪ್ ಎನ್ನುತ್ತಾರೆ. ವಿಕಿರಣವಿಲ್ಲ, ಮುಟ್ಟಿದರೆ ಏನೂ ಆಗದು. ಆದರೆ ಆ ಗೊಬ್ಬರ ಉಂಡ ಎಲೆಯ ಧೂಳು ಸಾದಾ ಎಲೆಗೆ ತಗುಲಿತೋ, ಲೆಕ್ಕವೆಲ್ಲ ಹಾಳು.

ಇದನ್ನು ಅಕ್ಕನಿಗೆ ಎರಡನೇ ಸಲ ಹೇಳಬೇಕಾಗಲಿಲ್ಲ. ಸಾದಾ ಎಲೆಗೊಂದು, ಗೊಬ್ಬರದ ಎಲೆಗೊಂದು ಎಂದು ಎರಡು ಪಿಂಗಾಣಿ ಕುಟ್ಟಾಣಿ ಇಟ್ಟುಕೊಂಡಿದ್ದರು.

"ಇದು ಮಡಿ, ಅದು ಮೈಲಿಗೆ. ಮಡೀದು ಮೊದ್ಲು ಮುಗಿಸ್ಬೇಕು ಕಣಮ್ಮ," ಎನ್ನುತ್ತಿದ್ದರು.

ನಮ್ಮ ಗೈಡ್ ನಗುತ್ತಿದ್ದರು, ಆದರೆ ಪುಸ್ತಕದ ನಿಯಮವೂ ಅದೇ. ಮಡಿ ಕುಟ್ಟಾಣಿಯನ್ನು ಅಕ್ಕ ನಮಗೂ ಮುಟ್ಟಗೊಡುತ್ತಿರಲಿಲ್ಲ. ಮಹಾ ಸಿಡುಕಿ. ನನಗೆ ಅವರೆಂದರೆ ತುಂಬ ಇಷ್ಟವಿತ್ತು.

ಒಂದು ಮಧ್ಯಾಹ್ನ ಅಕ್ಕ ಊಟಕ್ಕೆ ಹೋಗಿದ್ದರು. ನನಗೆ ಅವಸರ. ಕೈಗೆ ಸಿಕ್ಕ ಕುಟ್ಟಾಣಿಯಲ್ಲಿ ಗೊಬ್ಬರದ ಎಲೆ ಕುಟ್ಟಿದೆ. ಅರ್ಧಕ್ಕೆ ಬಂದಾಗ ನೋಡಿದರೆ ಅದು ಮಡಿಯದು. ಬಟ್ಟೆಯಲ್ಲಿ ಒರೆಸಿ, ಇದ್ದ ಜಾಗದಲ್ಲೇ ಇಟ್ಟು ಸುಮ್ಮನಾದೆ. ತೊಳೆದಿಟ್ಟದ್ದೇ ಎಂದುಕೊಂಡು ಅಕ್ಕ ಅದರಲ್ಲಿ ಸಾದಾ ಎಲೆ ಕುಟ್ಟಿದರು. ಕೆಲವು ವಾರ ಕಳೆದು ಯಂತ್ರದಿಂದ ಅಂಕಿಗಳು ಬಂದವು. ಆ ಗೊಬ್ಬರವನ್ನೇ ಕಾಣದ ಗಿಡಗಳಲ್ಲೂ ಅದರ ಸಾರಜನಕವಿತ್ತು. ಗೈಡ್ ಇಬ್ಬರನ್ನೂ ಕರೆದರು. ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಹೇಳಿಬಿಟ್ಟರು:

"ನಾನೇ ಸರ್ಯಾಗ್ ತೊಳ್ದಿಲ್ಲ ಅನ್ಸ್ತದೆ ಸಾ."

ನಾನು ನೆಲ ನೋಡುತ್ತಾ ನಿಂತೆ. ಮರುದಿನದಿಂದ ಅವರನ್ನು ಹೊಲದಲ್ಲಿ ಕಳೆ ಕೀಳಲು ಹಾಕಿದರು. ನಾನು ಉಳಿದ ಎಲೆಗಳನ್ನು ಹೊಸದಾಗಿ ಪುಡಿ ಮಾಡಿ, ಪದವಿ ತೆಗೆದುಕೊಂಡು ಹೊರಟೆ.

ನನ್ನನ್ನು ಉಳಿಸಲೆಂದೇ ಅಕ್ಕ ಹಾಗೆ ಹೇಳಿದರು ಎಂದು ಇಷ್ಟು ವರ್ಷ ನಂಬಿದ್ದೆ. ಹಾಗೆ ನಂಬುವುದು ಹಿತವಾಗಿಯೂ ಇತ್ತು... ಒವನ್ ಹಚ್ಚಿದ ಮರುದಿನ ತಣಿಸಂದ್ರಕ್ಕೆ ಹೋದೆ. ಅಪಾರ್ಟ್‌ಮೆಂಟುಗಳ ನಡುವೆ ಮನೆ ಹುಡುಕಲು ಗಂಟೆ ಹಿಡಿಯಿತು. ಬಾಗಿಲು ತೆರೆದದ್ದು ಮಗಳು. ಎಲ್ಲಿಂದ ಬಂದೆನೆಂದು ಹೇಳಿ ಅಕ್ಕನನ್ನು ಕೇಳಿದೆ. ಅಕ್ಕ ತೀರಿಕೊಂಡು ಎರಡು ವರ್ಷವಾಗಿತ್ತು.

"ಲ್ಯಾಬಿನವ್ರಾ? ಅಮ್ಮ ಕೊನೇವರ್ಗೂ ಅದನ್ನೇ ಹೇಳ್ಕೊಂಡು ಕೊರಗೋರು. ಪಾಪ, ಒಂದ್ ಹುಡ್ಗಿ ಓದು ನನ್ನಿಂದ ಕೆಡ್ತು, ಯಾವತ್ತು ತೊಳೆಯೋದ್ ಮರ್ತ್ನೋ ಗೊತ್ತಾಗ್ಲೇ ಇಲ್ಲ ಅಂತ."

ಅಕ್ಕ ನನ್ನನ್ನು ಉಳಿಸಿರಲಿಲ್ಲ. ತಪ್ಪು ತಮ್ಮದೆಂದೇ ನಂಬಿದ್ದರು. ಕೂತು, ನಡೆದದ್ದನ್ನೆಲ್ಲ ಮಗಳಿಗೆ ಹೇಳಿದೆ. ಅವಳು ಬೈಯಲಿಲ್ಲ. ಒಳಗೆ ಹೋಗಿ ಕಾಫಿ ತಂದು ಮುಂದಿಟ್ಟಳು.

"ಇದನ್ನ ಅಮ್ಮಂಗೆ ಹೇಳ್ಬೇಕಿತ್ತು ನೀವು," ಎಂದಳು.