ಅರ್ಧ ಗಟ್ಟಿ ವಿಭೂತಿ

ಪತ್ರಿಕೆಯ ಡೆಸ್ಕಿನಲ್ಲಿ ಇಪ್ಪತ್ತೊಂಬತ್ತು ವರ್ಷ ಬೇರೆಯವರ ಸುದ್ದಿ ತಿದ್ದಿ ನಿವೃತ್ತಳಾದ ಮೇಲೆ ನಾನು ಬರೆದ ಮೊದಲ ಪುಸ್ತಕ ಒಂದು ಪ್ರೇಮಕಥೆ. ಕಾಲ ವಿಜಯನಗರ ಸಾಮ್ರಾಜ್ಯದ್ದು. ನಾಯಕಿ ಪೇಟೆಯಲ್ಲಿ ಹೂ ಮಾರುವ ಶರಣರ ಮನೆಯ ಹುಡುಗಿ, ಇಷ್ಟಲಿಂಗ ಧರಿಸಿದವಳು. ನಾಯಕ ಅರಸರ ಲಾಯದಲ್ಲಿ ಕುದುರೆಗಳನ್ನು ನೋಡಿಕೊಳ್ಳುವವನು. ಅವನು ದಂಡಿನ ಜೊತೆ ಹೊರಡುತ್ತಾನೆ, ಅವಳು ಕಾಯುತ್ತಾಳೆ. ನಾನು ಬೆಳಿಗ್ಗೆ ಊಟದ ಮೇಜಿನ ಮೇಲೆ ಹಾಳೆ ಹರವಿಕೊಂಡು ಕೂತರೆ ನನ್ನ ಗಂಡ, "ಆರ್‌ಪಿಸಿ ಲೇಔಟ್‌ನಲ್ಲಿ ಕೂತು ಸಾಮ್ರಾಜ್ಯ ಕಟ್ತಾ ಇದೀಯಲ್ಲ, ಸಂಪ್‌ಗೆ ನೀರು ಬಂತಾ ನೋಡಿದ್ಯಾ?" ಅನ್ನುತ್ತಿದ್ದರು.

ಆ ಹುಡುಗಿಯ ಭಕ್ತಿಯನ್ನು ನಾನು ಎಲ್ಲಿಂದ ತಂದೆ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ನಮ್ಮ ಅತ್ತೆಗೆ ಎಂಬತ್ತಮೂರು. ಪ್ರತಿದಿನ ಬೆಳಿಗ್ಗೆ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ದೇವರ ಕೋಣೆಯಲ್ಲಿ ಕೂತು, ಎದೆಯ ಮೇಲಿನ ಬೆಳ್ಳಿಯ ಕರಡಿಗೆ ತೆರೆದು ಲಿಂಗವನ್ನು ಎಡಗೈಯಲ್ಲಿ ಇಟ್ಟುಕೊಂಡು ಪೂಜೆ ಮಾಡುತ್ತಾರೆ. ಆಮೇಲೆಯೇ ಕಾಫಿ. ನಾನು ಕೆಂಗೇರಿ ಕಡೆಯ ಒಕ್ಕಲುತನದ ಮನೆಯವಳು. ಮದುವೆಯಾಗಿ ಬಂದಾಗ ಸೊಸೆಗೆ ದೀಕ್ಷೆ ಕೊಡಿಸಿ ಎಂದು ಹಿರಿಯರು ಹೇಳಿದ್ದರು. ಅತ್ತೆ, "ಬಲವಂತ ಬೇಡ. ಅವಳಿಗೆ ಬೇಕು ಅನ್ನಿಸಿದ್ರೆ ಅವಳೇ ಕೇಳ್ತಾಳೆ" ಎಂದರು. ನಾನು ಕೇಳಲಿಲ್ಲ. ಅವರೂ ಮತ್ತೆ ಆ ಮಾತು ಎತ್ತಲಿಲ್ಲ. ಮೂವತ್ತೆರಡು ವರ್ಷ ನಾನು ಆ ಪೂಜೆಯನ್ನು ನೋಡಿದ್ದು ಹಾಲ್‌ನಿಂದ, ಹೊಸ್ತಿಲ ಈಚೆಯಿಂದ.

ಪುಸ್ತಕದ ಕೊನೆಯ ಪ್ರೂಫ್ ಬಂದಾಗ ಶನಿವಾರದೊಳಗೆ ತಿದ್ದಿ ಕಳಿಸಬೇಕೆಂದು ಪ್ರಕಾಶಕರು ಹೇಳಿದರು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಪತ್ರಿಕೆಯಲ್ಲಿ ಪ್ರೂಫ್ ನೋಡಲು ಇಬ್ಬರು ಕೂರುತ್ತಿದ್ದೆವು. ಒಬ್ಬರು ಗಟ್ಟಿಯಾಗಿ ಓದಬೇಕು, ವಿರಾಮಚಿಹ್ನೆಗಳನ್ನೂ ಬಾಯಿಬಿಟ್ಟು ಹೇಳಬೇಕು. ಇನ್ನೊಬ್ಬರು ಕೇಳುತ್ತ ಮೂಲಪ್ರತಿಯ ಮೇಲೆ ಬೆರಳು ಓಡಿಸಬೇಕು. ಕಣ್ಣು ಮುಚ್ಚಿಹಾಕುವ ತಪ್ಪನ್ನು ಕಿವಿ ಹಿಡಿಯುತ್ತದೆ. ಈ ಅಭ್ಯಾಸ ನನ್ನನ್ನು ಬಿಟ್ಟಿಲ್ಲ. ಅತ್ತೆಗೆ ಈಗ ಅಕ್ಷರ ಕಾಣಿಸುವುದಿಲ್ಲ, ಕಿವಿ ಮಾತ್ರ ಚುರುಕು. ಹಾಗಾಗಿ ಅವರ ಪೂಜೆ, ಕಾಫಿ ಮುಗಿದ ಮೇಲೆ ವರಾಂಡದಲ್ಲಿ ಕೂರಿಸಿ ಓದತೊಡಗಿದೆ.

ಮೊದಲ ದಿನ ಒಂದು ಪುಟ ಮುಗಿಯುವುದರೊಳಗೆ ತಡೆದರು. "ಅದೇನಮ್ಮ ಸಾಲಿಗೆ ನಾಲ್ಕು ಸಲ ಅಲ್ಪವಿರಾಮ ಅಲ್ಪವಿರಾಮ ಅಂತೀಯ? ಆ ಹುಡುಗಿ ಬಾಗಿಲು ದಾಟೋ ಅಷ್ಟರಲ್ಲಿ ನನಗೆ ಏದುಸಿರು ಬಂತು."

ಚಿಹ್ನೆಗಳನ್ನು ಬಿಟ್ಟು ಓದಿದೆ. ಅವರು ಒಳ್ಳೆಯ ಕೇಳುಗರು. ಸೊಪ್ಪಿನ ಗಾಡಿಯವನು ಕೂಗಿದರೆ ಕೈ ಬೀಸಿ ಕಳಿಸುತ್ತಿದ್ದರು. ಆ ಕಾಲದಲ್ಲಿ ನಮ್ಮ ಕಡೆ ಮೆಣಸಿನಕಾಯಿ ಬಂದಿರಲಿಲ್ಲವೆಂದು ನಾನು ನಾಯಕಿಯ ಅಡುಗೆಮನೆಯಲ್ಲಿ ಬರೀ ಕಾಳುಮೆಣಸು ಇಟ್ಟಿದ್ದೆ. "ಪಾಪ, ಅದೇನು ಸಾರು ಮಾಡ್ಕೊಂಡು ತಿಂತಿದ್ರೋ" ಎಂದು ಮರುಗಿದರು. ಅಂಥ ಸಂಗತಿಗಳನ್ನೆಲ್ಲ ನಾನು ಒಂದೊಂದಾಗಿ ಪರಿಶೀಲಿಸಿದ್ದೆ. ಕುದುರೆಗೆ ಏನು ಮೇವು ಹಾಕುತ್ತಿದ್ದರು, ನದಿ ದಾಟಲು ಎಂಥ ಹರಿಗೋಲು, ಯಾವ ತಿಂಗಳಲ್ಲಿ ದಂಡು ಹೊರಡುತ್ತಿತ್ತು, ಎಲ್ಲಕ್ಕೂ ನನ್ನ ಬಳಿ ಟಿಪ್ಪಣಿ ಇತ್ತು.

ಬುಧವಾರ ಹತ್ತೊಂಬತ್ತನೇ ಅಧ್ಯಾಯಕ್ಕೆ ಬಂದೆವು. ದಂಡು ಹೊರಡುವ ಹಿಂದಿನ ದಿನ ಇಬ್ಬರೂ ನದಿಯ ದಡದಲ್ಲಿ ಸೇರುತ್ತಾರೆ. ಅವನು ಅವಳನ್ನು ಅಪ್ಪಿಕೊಳ್ಳುತ್ತಾನೆ. ಅವಳು ತನ್ನ ಕೊರಳಿನ ಕರಡಿಗೆಯನ್ನು ಬಿಚ್ಚಿ ಅವನ ಕೊರಳಿಗೆ ಕಟ್ಟಿ, ಇದು ನಿನ್ನನ್ನು ಕಾಯಲಿ ಎನ್ನುತ್ತಾಳೆ. ಪ್ರಕಾಶಕರಿಗೆ ಬಹಳ ಹಿಡಿಸಿದ್ದ ಭಾಗ ಅದು. ಪುಸ್ತಕದ ಹಿಂಬದಿಯ ರಕ್ಷಾಪುಟಕ್ಕೂ ಅದೇ ಸಾಲುಗಳನ್ನು ಹಾಕಿದ್ದರು.

ಅತ್ತೆ ಕೈ ಎತ್ತಿದರು. ಇನ್ನೊಂದು ಕೈ ಸೆರಗಿನ ಒಳಗೆ, ತಮ್ಮ ಕರಡಿಗೆಯ ಮೇಲೆ ಹೋಗಿತ್ತು. "ಇವತ್ತಿಗೆ ಸಾಕು" ಎಂದು ಎದ್ದು ಒಳಗೆ ಹೋದರು. ಮಧ್ಯಾಹ್ನ ಊಟಕ್ಕೆ ಬಂದರೂ ಮಾತಿಲ್ಲ. ಮಜ್ಜಿಗೆ ಬೇಕಾ ಎಂದರೆ ತಲೆ ಅಲ್ಲಾಡಿಸಿದರು, ಅಷ್ಟೆ.

ಯಾವ ಸಾಲಿಗೆ ಅವರು ಎದ್ದರು ಎಂದು ಹಾಳೆ ಹಿಡಿದು ನೋಡಿದೆ. ಅಪ್ಪುಗೆಯೇ ಇರಬೇಕು ಅನ್ನಿಸಿತು. ಮದುವೆಯಾಗದ ಹೆಣ್ಣು, ಅದೂ ಲಿಂಗ ಧರಿಸಿದವಳು. ಅವರ ಭಕ್ತಿಯನ್ನು ಎರವಲು ಪಡೆದು ಅದಕ್ಕೇ ಅಗೌರವ ತಂದೆನಲ್ಲ ಎಂದುಕೊಂಡೆ. ಪುಸ್ತಕ ಅಚ್ಚಾಗಿ ಬಂದು ಅವರ ಕೈಗೆ ಕೊಟ್ಟಾಗ ಅವರು ಹೀಗೆಯೇ ಎದ್ದು ಹೋದರೆ ಅದನ್ನು ಬರೆದು ಏನು ಪ್ರಯೋಜನ? ಗಂಡನನ್ನು ಕೇಳಿದೆ. "ಅಮ್ಮನ್ನೇ ಕೇಳು. ನಿಮ್ಮಿಬ್ಬರ ಮಧ್ಯೆ ನಾನು ವರದಿಗಾರ ಆಗಲ್ಲ" ಎಂದರು. ಕೇಳುವ ಧೈರ್ಯವಾಗಲಿಲ್ಲ. ಸಂಜೆಯೊಳಗೆ ಅಪ್ಪುಗೆ ತೆಗೆದು, ಇಬ್ಬರನ್ನೂ ನಾಲ್ಕು ಅಡಿ ದೂರ ನಿಲ್ಲಿಸಿ ಬರೆದೆ.

ಮಾರನೆಯ ದಿನ ಪೂಜೆ ಮುಗಿಸಿ ಬಂದವರ ಮುಂದೆ ಹೊಸ ಹಾಳೆ ಓದಿದೆ. ಅರ್ಧದಲ್ಲೇ ಅತ್ತೆ ಹುಬ್ಬು ಗಂಟಿಕ್ಕಿದರು.

"ನಿಲ್ಸು. ಅಪ್ಕೊಂಡಿದ್ದು ಎಲ್ಲಿ ಹೋಯ್ತು?"

"ತೆಗೆದೆ ಅತ್ತೆ."

"ಯಾಕೆ?"

"ನಿಮಗೆ ಬೇಜಾರಾಯ್ತಲ್ಲ ನಿನ್ನೆ."

ಅವರು ನನ್ನ ಕಡೆ ಮುಖ ಮಾಡಿ ನಗತೊಡಗಿದರು. ಸೆರಗಿನಿಂದ ಕಣ್ಣು ಒರೆಸಿಕೊಂಡರು. "ಅಯ್ಯೋ ಪೆದ್ದಿ, ಅದಕ್ಕಲ್ಲ ಕಣೇ! ದಂಡಿಗೆ ಹೋಗೋನು ಅಪ್ಕೊಳ್ದೆ ಇನ್ನೇನು, ಬಸ್ ಸ್ಟಾಪಲ್ಲಿ ನಿಂತಂಗೆ ಟಾಟಾ ಮಾಡ್ತಾನಾ? ಅದನ್ನ ವಾಪಸ್ ಹಾಕು."

"ಮತ್ತೆ?"

ನಗು ನಿಂತಿತು. ಕೈ ಮತ್ತೆ ಎದೆಗೆ ಹೋಯಿತು. "ಇದನ್ನ ಬಿಚ್ಚಿ ಇನ್ನೊಬ್ರಿಗೆ ಕಟ್ಟಕ್ಕೆ ಆಗುತ್ತಾ? ಇದು ತಾಯತ ಅಲ್ಲ ಕಣಮ್ಮ. ಗುರು ನನ್ನ ಕೈಗೆ ಕೊಟ್ಟಿದ್ದು ನನಗೆ ಮಾತ್ರ. ನನ್ನ ಗಂಡಂದು ಅವರಿಗೆ, ನಂದು ನನಗೆ. ನಾಳೆ ನಾನು ಹೋದ್ರೂ ಇದು ನನ್ನ ಜೊತೆನೇ ಮಣ್ಣಿಗೆ ಬರುತ್ತೆ. ನಿನ್ನ ಹುಡುಗಿ ಅದನ್ನ ಬಿಚ್ಚಿಕೊಟ್ಳು ಅಂದ್ರೆ ಅವಳಿಗೆ ಇನ್ನೇನು ಉಳೀತು?"

ಕುದುರೆಯ ಮೇವಿಗೂ ಆಧಾರ ಹುಡುಕಿದವಳು ಇದೊಂದನ್ನು ಯಾರನ್ನೂ ಕೇಳಿರಲಿಲ್ಲ. ಮೂವತ್ತೆರಡು ವರ್ಷ ಕಣ್ಣಾರೆ ಕಂಡಿದ್ದೇನೆ ಎಂಬ ಧೈರ್ಯ. ಬೆಳಿಗ್ಗೆ ಲಿಂಗ ಕರಡಿಗೆಯಿಂದ ಹೊರಗೆ ಬರುವುದನ್ನು ನೋಡಿ, ಹೊರಗೆ ಬರುವುದನ್ನು ಕೊಡಲೂಬಹುದು ಎಂದುಕೊಂಡಿದ್ದೆ. ಕಿರಿಯ ವರದಿಗಾರರು ಇಂಥ ಕೆಲಸ ಮಾಡಿದರೆ ನಾನು ಪ್ರತಿಯನ್ನು ಅವರ ಮೇಜಿಗೆ ವಾಪಸ್ ಹಾಕುತ್ತಿದ್ದೆ.

"ನಿನ್ನೆನೇ ಹೇಳಬಾರದಿತ್ತಾ ಅತ್ತೆ?"

"ಏನು ಹೇಳ್ಲಿ? ಇಷ್ಟು ವರ್ಷ ಒಂದೇ ಮನೇಲಿದೀವಿ. ಬಲವಂತ ಬೇಡ ಬಲವಂತ ಬೇಡ ಅಂತ ನಾನು ನಿನಗೆ ಏನೂ ಹೇಳಿಕೊಡ್ಲೇ ಇಲ್ವಲ್ಲ ಅಂತ ನನಗೇ ನಾಚಿಕೆ ಆಯ್ತು. ರಾತ್ರಿಯೆಲ್ಲ ಅದೇ."

ಅವರು ನನ್ನ ಮೇಲೆ ಮುನಿದಿರಲಿಲ್ಲ. ಆದರೆ ಪುಸ್ತಕ ಇನ್ನೂ ಹಾಗೆಯೇ ಇತ್ತು. ಅವಳು ಅವನಿಗೆ ಏನನ್ನಾದರೂ ಕೊಡಲೇಬೇಕು, ಮುಂದಿನ ಏಳು ಅಧ್ಯಾಯ ಅದರ ಮೇಲೆ ನಿಂತಿವೆ. "ಹಾಗಾದ್ರೆ ಏನು ಕೊಡ್ತಾಳೆ ಅತ್ತೆ?" ಎಂದೆ.

"ನಾನು ಕೊಟ್ಟಿದ್ದು ಹೇಳ್ಲಾ? ನಗಬಾರದು."

ಮದುವೆಯಾದ ವರ್ಷವೇ ನಮ್ಮ ಮಾವನವರಿಗೆ, ಅವರು ಶಾಲಾ ಮೇಷ್ಟ್ರು, ದೂರದ ಊರಿಗೆ ವರ್ಗವಾಯಿತಂತೆ. ಮನೆ ಸಿಗುವವರೆಗೆ ಹೆಂಡತಿಯನ್ನು ಕರೆದುಕೊಂಡು ಹೋಗುವ ಹಾಗಿಲ್ಲ. ಹೊರಡುವ ದಿನ ಬೆಳಿಗ್ಗೆ ಅತ್ತೆ ಪೂಜೆಯ ವಿಭೂತಿ ಗಟ್ಟಿಯನ್ನು ಎರಡು ಮಾಡಿ ಅರ್ಧವನ್ನು ಬಟ್ಟೆಯಲ್ಲಿ ಕಟ್ಟಿಕೊಟ್ಟರು.

"ಇದು ಮುಗಿಯೋ ಹೊತ್ತಿಗೆ ಬನ್ನಿ ಅಂದೆ. ಆರು ತಿಂಗಳು ಬರುತ್ತೆ ಅಂತ ನನ್ನ ಲೆಕ್ಕ. ಮೂರನೇ ವಾರಕ್ಕೇ ಬಾಗಿಲಲ್ಲಿ ನಿಂತಿದಾರೆ! ಏನ್ರೀ ಅಂದ್ರೆ, ಮುಗೀತು ಕಣೇ ಅಂತಾರೆ. ಹಣೆ, ಎದೆ, ತೋಳು, ಎಲ್ಲಾ ಕಡೆ ದಿನಾ ಗೋಡೆಗೆ ಸುಣ್ಣ ಬಳ್ದಂಗೆ ಬಳ್ಕೊಂಡು ಮುಗಿಸಿದ್ರಂತೆ. ನಮ್ಮತ್ತೆ ಎದುರಿಗೆ ಅಳೋಕೂ ಆಗದೆ, ನಗೋಕೂ ಆಗದೆ ನಾನು ಒಳಗೆ ಓಡಿದೆ."

ನಗಬಾರದು ಎಂದವರೇ ಮೊದಲು ನಕ್ಕರು. ಒಳಗೆ ಪೇಪರ್ ಓದುತ್ತಿದ್ದ ನನ್ನ ಗಂಡ ಎದ್ದು ಬಂದು, "ಅಪ್ಪನಾ? ನಮ್ಮಪ್ಪನಾ?" ಎಂದು ಎರಡು ಸಲ ಕೇಳಿದರು.

ನಾನು ಪೆನ್ನು ತೆಗೆದುಕೊಂಡೆ. ಪುಟ ಕಟ್ಟಿದ ಮೇಲೆ ಸಾಲು ಹೆಚ್ಚಿದರೆ ಮುಂದಿನ ಪುಟಗಳೆಲ್ಲ ಕದಲುತ್ತವೆ. ಹನ್ನೊಂದು ಸಾಲು ತೆಗೆದು ಹನ್ನೊಂದೇ ಸಾಲು ಕೂರಿಸುವುದು ನನಗೆ ಗೊತ್ತಿರುವ ಕೆಲಸ. ಅವಳು ವಿಭೂತಿ ಗಟ್ಟಿಯನ್ನು ಎರಡು ಮಾಡುತ್ತಾಳೆ. ಮುಗಿಯುವ ಹೊತ್ತಿಗೆ ಬಾ ಎನ್ನುತ್ತಾಳೆ. ಅಪ್ಪುಗೆ ಮೊದಲಿದ್ದಲ್ಲಿಗೇ ಬಂತು. ಮುಂದೆ ಕರಡಿಗೆ ಬಂದ ಕಡೆಯೆಲ್ಲ ವಿಭೂತಿಯನ್ನು ಕೂರಿಸಿದೆ. ಕೊನೆಯ ಅಧ್ಯಾಯದಲ್ಲಿ ಅವನು ಹಿಂತಿರುಗುವಾಗ ಹಣೆ ದಪ್ಪಗೆ ಬೆಳ್ಳಗಿರುವಂತೆ ಮಾಡಿದೆ.

ಪ್ರಕಾಶಕರಿಗೆ ಫೋನ್ ಮಾಡಿ ಹಿಂಬದಿಯ ಸಾಲುಗಳೂ ಬದಲಾಗಬೇಕು ಎಂದೆ. ಅವರು ನಿಟ್ಟುಸಿರು ಬಿಟ್ಟು, "ಕಳಿಸಿ ಮೇಡಂ, ನೋಡ್ತೀನಿ" ಎಂದರು. ಅರ್ಧ ಗಂಟೆಯ ಮೇಲೆ ಅವರೇ ಕರೆ ಮಾಡಿದರು. "ಇದನ್ನ ಮೊದಲೇ ಯಾಕೆ ಬರೀಲಿಲ್ಲ?"

"ಮೊದಲೇ ಕೇಳಿರಲಿಲ್ಲ" ಎಂದೆ.

ಶುಕ್ರವಾರ ಬೆಳಿಗ್ಗೆ ನಾನು ಎಂದಿನಂತೆ ಹಾಲ್‌ನಲ್ಲಿದ್ದೆ. ದೇವರ ಕೋಣೆಯಿಂದ ಅತ್ತೆ ಕರೆದರು. "ಸ್ನಾನ ಆಯ್ತಾ? ಬಾ, ಇಲ್ಲಿ ಕೂತ್ಕೋ. ಅಲ್ಲಿಂದ ನೋಡಿ ಬರೆದಿದ್ದು ಸಾಕು."

ಹೊಸ್ತಿಲು ದಾಟಿ ಅವರ ಪಕ್ಕ ಕೂತೆ. ಅವರ ಎಡಗೈ ನನ್ನ ಮೊಣಕಾಲಿನಿಂದ ಒಂದು ಗೇಣು ದೂರದಲ್ಲಿತ್ತು. ಲಿಂಗ ಕಪ್ಪಗೆ, ನುಣ್ಣಗೆ ಇತ್ತು. ಅದರ ನೆತ್ತಿಯಲ್ಲಿ ಕಿಟಕಿಯ ಬೆಳಕು ಒಂದು ಸಣ್ಣ ಚುಕ್ಕೆಯಾಗಿ ನಿಂತಿತ್ತು. ಅತ್ತೆಯ ಮಬ್ಬು ಕಣ್ಣು ಆ ಚುಕ್ಕೆಯನ್ನು ಬಿಟ್ಟು ಕದಲಲಿಲ್ಲ.

ಎರಡನೇ ಅಧ್ಯಾಯದಲ್ಲಿ ನಾನು ಅದನ್ನು ಒರಟು ಕಲ್ಲು ಎಂದು ಬರೆದಿದ್ದೆ. ಅದನ್ನೂ ತಿದ್ದಬೇಕಿತ್ತು. ಶನಿವಾರಕ್ಕೆ ಇನ್ನೂ ಒಂದು ದಿನ ಇತ್ತು.